ಸ್ಟೈಲಸ್ ಪೇರ್ ಆಗ್ತಿಲ್ವಾ? ಮೊದಲು ಅದು ಯಾವ ಬಗೆಯ ಪೆನ್ ಅಂತ ನೋಡಿ

ಹೋದ ಭಾನುವಾರ ಸಂಜೆ ಪಕ್ಕದ ಮನೆಯ ಹುಡುಗಿ ಟ್ಯಾಬ್ ಮತ್ತು ಹೊಸ ಪೆನ್ ಹಿಡಿದು ಬಂದಳು. ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಫಿಸಿಕ್ಸ್ ನೋಟ್ಸನ್ನು ಟ್ಯಾಬ್‌ನಲ್ಲೇ ಬರೆಯಬೇಕು ಅಂತ ಆಸೆ. ಮಧ್ಯಾಹ್ನ ಊಟ ಆದಾಗಿನಿಂದ ಬ್ಲೂಟೂತ್ ಪಟ್ಟಿಯನ್ನೇ ನೋಡುತ್ತಾ ಕೂತಿದ್ದಳಂತೆ. ಅದರಲ್ಲಿ ಅಪ್ಪನ ಇಯರ್‌ಫೋನ್ ಇತ್ತು, ಎದುರು ಮನೆಯವರ ಟಿವಿ ಇತ್ತು, ಪೆನ್ ಮಾತ್ರ ಇರಲಿಲ್ಲ. ಕಣ್ಣು ಕೆಂಪಗಾಗಿತ್ತು, ದುಡ್ಡು ಹಾಳಾಯಿತು ಅಂತ ಮನೆಯಲ್ಲಿ ಬೈಸಿಕೊಂಡಿದ್ದಳು ಅನ್ನಿಸುತ್ತೆ. ನಾನು ಪೆನ್ನಿನ ತಲೆಯನ್ನು ಎರಡು ಸಲ ಮುಟ್ಟಿದೆ, ಸಣ್ಣದೊಂದು ಲೈಟ್ ಹತ್ತಿತು. ನೋಟ್ಸ್ ತೆರೆದು ಗೀಚಿದೆ. ಬರೆಯಿತು! ಆ ಪೆನ್ನಿಗೆ ಪೇರಿಂಗ್, ಅಂದರೆ ಬ್ಲೂಟೂತ್ ಮೂಲಕ ಟ್ಯಾಬ್‌ಗೆ ಜೋಡಿಸುವುದು, ಅನ್ನುವುದೇ ಇಲ್ಲ.

ತುಮಕೂರಿನಲ್ಲಿ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳಿಕೊಡುತ್ತೇನೆ. ಕೊರೊನಾ ಸಮಯದಲ್ಲಿ ಆನ್‌ಲೈನ್ ಪಾಠ ಶುರುವಾದಾಗಿನಿಂದ ದಿನಾ ಟ್ಯಾಬ್ ಮೇಲೆ ಬರೆಯುವುದೇ ನನ್ನ ಕೆಲಸ. ಹಾಗಾಗಿ ಬಟವಾಡಿಯಿಂದ, ಕ್ಯಾತಸಂದ್ರದಿಂದ ಮಕ್ಕಳು ಪೆನ್ ಕೆಟ್ಟಿದೆ ಅಂತ ತಂದು ತೋರಿಸುತ್ತಾರೆ. ಹಾಗೆ ಬಂದವುಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ಜಾಸ್ತಿ ಬರುವುದು ಎರಡೇ ತೊಂದರೆ: ಪೆನ್ನಿಗೂ ಟ್ಯಾಬಿಗೂ ಜೋಡಿಯೇ ಅಲ್ಲ, ಇಲ್ಲವೇ ಪೆನ್ನಿನ ಬ್ಯಾಟರಿ ಪೂರ್ತಿ ಸತ್ತಿದೆ. ಆದರೆ ನಾವೆಲ್ಲ ಮೊದಲು ಓಡುವುದು ಬ್ಲೂಟೂತ್ ಸೆಟ್ಟಿಂಗಿಗೆ. ಅಲ್ಲಿಂದಲೇ ಗೊಂದಲ ಶುರು.

ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದಿದ್ದೆಲ್ಲ ಸುಲಭ. ಪೆನ್ ಬರೆಯುವುದು ಬೇರೆ, ಪೇರ್ ಆಗುವುದು ಬೇರೆ. ಪೆನ್ನಿನ ತುದಿ ಪರದೆಯ ಮೇಲೆ ಎಲ್ಲಿದೆ ಅಂತ ಕಂಡುಹಿಡಿಯುವುದು ಪರದೆಯೊಳಗಿನ ಸೆನ್ಸರ್. ಆ ಕೆಲಸ ಮಾಡುವುದು ಬ್ಲೂಟೂತ್ ಅಲ್ಲ. ಬ್ಲೂಟೂತ್ ಇರುವುದು ಬೇರೆ ಮಾತುಗಳಿಗೆ: ಚಾರ್ಜ್ ಎಷ್ಟಿದೆ, ಬಟನ್ ಒತ್ತಿದ್ದಾರಾ, ಈ ಪೆನ್ ಈ ಟ್ಯಾಬಿನದೇ ಹೌದಾ. ಕೆಲವು ಪೆನ್‌ಗಳು ಈ ಮಾತುಕತೆ ಆಗದೆ ಬರೆಯಲು ಒಪ್ಪುವುದಿಲ್ಲ. ಕೆಲವಕ್ಕೆ ಅದು ಬೇಕೇ ಇಲ್ಲ. ನಿಮ್ಮ ಕೈಯಲ್ಲಿರುವುದು ಇದರಲ್ಲಿ ಯಾವುದು ಅಂತ ತಿಳಿಯುವುದೇ ಮೊದಲ ಕೆಲಸ.

ಎಲ್ಲಕ್ಕಿಂತ ಸರಳವಾದದ್ದು ತುದಿಯಲ್ಲಿ ರಬ್ಬರ್ ಗುಂಡು ಅಥವಾ ಪಾರದರ್ಶಕ ಬಿಲ್ಲೆ ಇರುವ ಪೆನ್. ಅದರೊಳಗೆ ಬ್ಯಾಟರಿ ಇಲ್ಲ, ಚಿಪ್ ಇಲ್ಲ. ನಿಮ್ಮ ಬೆರಳು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಟಚ್ ಇರುವ ಯಾವ ಫೋನ್, ಯಾವ ಟ್ಯಾಬ್ ಮೇಲಾದರೂ ನಡೆಯುತ್ತದೆ. ಇದನ್ನು ಪೇರ್ ಮಾಡಲು ಹೋದರೆ ಜೀವಮಾನದಲ್ಲಿ ಆಗುವುದಿಲ್ಲ.

ಎರಡನೆಯ ಬಗೆ ನನಗೆ ತುಂಬಾ ಇಷ್ಟವಾದದ್ದು. ಪರದೆಯ ಹಿಂದೆ ತೆಳುವಾದ ಒಂದು ಹಾಳೆಯಂಥ ಸರ್ಕ್ಯೂಟ್ ಇರುತ್ತದೆ, ಅದು ಮೇಲಕ್ಕೆ ಅಯಸ್ಕಾಂತದ ಅಲೆ ಕಳಿಸುತ್ತದೆ. ಪೆನ್ನಿನೊಳಗೆ ಚಿಕ್ಕ ತಂತಿಸುರುಳಿ ಇದೆ. ಆ ಅಲೆಯಿಂದಲೇ ಅದು ತನಗೆ ಬೇಕಾದ ಶಕ್ತಿ ಪಡೆದು, ಅದೇ ಗಳಿಗೆಯಲ್ಲಿ ನಾನು ಇಲ್ಲಿದ್ದೇನೆ ಅಂತ ವಾಪಸ್ ಉತ್ತರ ಕೊಡುತ್ತದೆ. ವಾಕಾಮ್ ಕಂಪನಿ ಬೆಳೆಸಿದ ಈ ವಿದ್ಯೆಗೆ ಇಎಂಆರ್ ಅನ್ನುತ್ತಾರೆ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಬಗೆಯದು. ಬರೆಯಲು ಅದಕ್ಕೆ ಬ್ಯಾಟರಿ ಬೇಡ, ಪೇರಿಂಗ್ ಬೇಡ. ಟ್ಯಾಬ್ ಎಸ್6 ಲೈಟ್ ಜೊತೆ ಬರುವ ಎಸ್ ಪೆನ್ನಿನಲ್ಲಿ ಬ್ಲೂಟೂತ್ ಅನ್ನುವುದೇ ಇಲ್ಲ, ಅದನ್ನು ಚಾರ್ಜ್‌ಗೆ ಹಾಕುವ ಪ್ರಶ್ನೆಯೂ ಇಲ್ಲ. ಟ್ಯಾಬ್ ಎಸ್7, ಎಸ್8 ಜೊತೆ ಬರುವ ಪೆನ್ನಿನಲ್ಲಿ ಬ್ಲೂಟೂತ್ ಇದೆ, ಆದರೆ ಅದು ದೂರದಿಂದ ಬಟನ್ ಒತ್ತಿ ಫೋಟೋ ತೆಗೆಯುವುದು, ಸ್ಲೈಡ್ ಮುಂದೆ ಓಡಿಸುವುದು ಇಂಥವಕ್ಕೆ. ಹಾಗಾಗಿ ಎಸ್ ಪೆನ್ ಕನೆಕ್ಟ್ ಆಗಿಲ್ಲ ಅಂತ ಪರದೆ ಹೇಳಿದರೂ ಗಾಬರಿ ಬೇಡ, ಒಂದು ಗೆರೆ ಎಳೆದು ನೋಡಿ. ಬರೆಯುತ್ತಿದ್ದರೆ ನಿಮ್ಮ ನೋಟ್ಸ್‌ಗೆ ಅಷ್ಟು ಸಾಕು.

ಮೂರನೆಯದು ಒಳಗೆ ಬ್ಯಾಟರಿ ಇಟ್ಟುಕೊಂಡು ತುದಿಯಿಂದ ತಾನೇ ಸಿಗ್ನಲ್ ಬಿಡುವ ಪೆನ್. ಆಪಲ್ ಪೆನ್ಸಿಲ್, ಶವೋಮಿ ಮತ್ತು ಒನ್‌ಪ್ಲಸ್ ಟ್ಯಾಬ್‌ಗಳ ಪೆನ್, ಮೈಕ್ರೋಸಾಫ್ಟ್‌ನ ಸರ್ಫೇಸ್ ಪೆನ್, ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಐಪ್ಯಾಡ್ ಪೆನ್‌ಗಳು, ಎಲ್ಲ ಇದೇ ಗುಂಪು. ಗುಂಪು ಒಂದೇ ಆದರೂ ಒಬ್ಬೊಬ್ಬರ ಸಿಗ್ನಲ್ಲಿನ ಭಾಷೆ ಒಂದೊಂದು. ಒಬ್ಬರ ಪೆನ್ ಇನ್ನೊಬ್ಬರ ಪರದೆಗೆ ಅರ್ಥವಾಗುವುದಿಲ್ಲ. ಇದನ್ನು ಒಂದು ಮಾಡೋಣ ಅಂತ 2015ರಲ್ಲಿ ಯುಎಸ್‌ಐ ಅನ್ನುವ ಕಂಪನಿಗಳ ಕೂಟ ಹುಟ್ಟಿತು. ಆದರೆ ಆ ಕೂಟದ ಭಾಷೆಯ ಪೆನ್ ನಡೆಯುವುದೂ ಅದಕ್ಕೆಂದೇ ಮಾಡಿದ ಪರದೆಗಳ ಮೇಲೆ ಮಾತ್ರ, ಮುಖ್ಯವಾಗಿ ಕ್ರೋಮ್‌ಬುಕ್ ಅನ್ನುವ ಲ್ಯಾಪ್‌ಟಾಪ್‌ಗಳಲ್ಲಿ.

ಇಲ್ಲೇ ನಮ್ಮವರು ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ಅಂಗಡಿಯವರು ಬ್ಲೂಟೂತ್ ಇದೆ ಅಲ್ವಾ ಸರ್, ಎಲ್ಲದಕ್ಕೂ ಆಗುತ್ತೆ ಅನ್ನುತ್ತಾರೆ. ಆಗುವುದಿಲ್ಲ. ಟ್ಯಾಬ್‌ನ ಪರದೆಯೊಳಗೆ ಪೆನ್ ಗುರುತಿಸುವ ಸೆನ್ಸರ್ ಇಲ್ಲದಿದ್ದರೆ ಬ್ಲೂಟೂತ್ ಎಷ್ಟೇ ಚೆನ್ನಾಗಿದ್ದರೂ ಅಕ್ಷರ ಮೂಡುವುದಿಲ್ಲ. ಸ್ಯಾಮ್‌ಸಂಗ್‌ನದೇ ಟ್ಯಾಬ್ ಎ9, ಎ9 ಪ್ಲಸ್ ತೆಗೆದುಕೊಳ್ಳಿ: ಅವಕ್ಕೆ ಎಸ್ ಪೆನ್ ನಡೆಯುವುದಿಲ್ಲ. ಹೆಸರು ಒಂದೇ ಮನೆಯದು, ಪರದೆ ಬೇರೆ. ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಹೀಗೇ ನಂಬಿ ಒಂದು ಪೆನ್ ತಂದು, ಬಾಕ್ಸ್ ಹರಿದಿದೆ ಅಂತ ವಾಪಸ್ ಕೊಡಲಾಗದೆ, ಅದನ್ನು ಕಪಾಟಿನಲ್ಲೇ ಇಟ್ಟಿದ್ದಾರೆ. ನೆನೆದರೆ ಇವತ್ತಿಗೂ ನನಗೆ ಬೇಜಾರಾಗುತ್ತದೆ.

ಆಪಲ್ ಪೆನ್ಸಿಲ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನೋಡಲು ಎಲ್ಲ ಬಿಳಿ ಕಡ್ಡಿ, ಒಳಗೆ ನಾಲ್ಕು ಬಗೆ. 2015ರಲ್ಲಿ ಬಂದ ಮೊದಲನೆಯದರ ಹಿಂಬದಿಯಲ್ಲಿ ಮುಚ್ಚಳ ಇದೆ, ತೆಗೆದರೆ ಲೈಟ್ನಿಂಗ್ ಪಿನ್ ಕಾಣುತ್ತದೆ. ಅದನ್ನು ಐಪ್ಯಾಡ್‌ನ ಚಾರ್ಜಿಂಗ್ ತೂತಿಗೇ ನೇರವಾಗಿ ಸಿಕ್ಕಿಸಬೇಕು, ಆಗ ಪರದೆ ಮೇಲೆ ಪೇರ್ ಅಂತ ಬಟನ್ ಬರುತ್ತದೆ. 2022ರಲ್ಲಿ ಬಂದ ಹತ್ತನೇ ತಲೆಮಾರಿನ ಐಪ್ಯಾಡ್‌ನಲ್ಲಿ ಆ ತೂತೇ ಇಲ್ಲ, ಯುಎಸ್‌ಬಿ-ಸಿ ಇದೆ. ಅದಕ್ಕೆ ಒಂದು ಚಿಕ್ಕ ಅಡಾಪ್ಟರ್ ಬೇಕು. ಪೆನ್ಸಿಲ್ ಅಡಾಪ್ಟರ್‌ಗೆ, ಅಡಾಪ್ಟರ್ ಕೇಬಲ್‌ಗೆ, ಕೇಬಲ್ ಐಪ್ಯಾಡ್‌ಗೆ, ಹೀಗೆ ಸರಪಳಿ. ಕೇಬಲ್ ಬಿಟ್ಟು ಅಡಾಪ್ಟರ್ ಒಂದನ್ನೇ ಹಿಡಿದು ಒದ್ದಾಡಿದವರನ್ನು ನೋಡಿದ್ದೇನೆ. 2018ರ ಎರಡನೇ ಪೆನ್ಸಿಲ್‌ನಲ್ಲಿ ಪಿನ್ ಇಲ್ಲ, ಐಪ್ಯಾಡ್‌ನ ಅಂಚಿಗೆ ಅಂಟಿಸಿದರೆ ಪೇರೂ ಆಗುತ್ತದೆ, ಚಾರ್ಜೂ ಆಗುತ್ತದೆ. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್ ಕೂಡ ಅಂಚಿಗೆ ಅಂಟಿಕೊಳ್ಳುತ್ತದೆ, ಆದರೆ ಅಂಟಿದ ಮಾತ್ರಕ್ಕೆ ಪೇರ್ ಆಗುವುದಿಲ್ಲ, ಚಾರ್ಜ್ ಆಗುವುದೂ ಇಲ್ಲ. ಅದರ ಹಿಂಬದಿಯ ಮುಚ್ಚಳವನ್ನು ಜಾರಿಸಿದರೆ ಒಳಗೆ ತೂತು ಕಾಣುತ್ತದೆ, ಕೇಬಲ್ ಹಾಕಬೇಕು. ನಾಲ್ಕನೆಯದು 2024ರ ಪೆನ್ಸಿಲ್ ಪ್ರೊ.

ಈಗ ಮುಖ್ಯವಾದ ಮಾತು. ಎಂ4 ಚಿಪ್ಪಿನ ಐಪ್ಯಾಡ್ ಪ್ರೊ ಮತ್ತು ಎಂ2 ಚಿಪ್ಪಿನ ಐಪ್ಯಾಡ್ ಏರ್ ಎರಡಕ್ಕೂ ಆ ಎರಡನೇ ತಲೆಮಾರಿನ ಪೆನ್ಸಿಲ್ ನಡೆಯುವುದಿಲ್ಲ. ಅವಕ್ಕೆ ಪೆನ್ಸಿಲ್ ಪ್ರೊ ಅಥವಾ ಯುಎಸ್‌ಬಿ-ಸಿ ಪೆನ್ಸಿಲ್ ಬೇಕು. ಅತ್ತ ಪೆನ್ಸಿಲ್ ಪ್ರೊ ಹಳೆಯ ಐಪ್ಯಾಡ್‌ಗಳಲ್ಲಿ ನಡೆಯುವುದಿಲ್ಲ. ಹತ್ತನೇ ತಲೆಮಾರಿನ ಐಪ್ಯಾಡ್‌ಗೆ ಎರಡನೇ ಪೆನ್ಸಿಲ್ ಆಗುವುದಿಲ್ಲ. ಅಣ್ಣನ ಹಳೆಯ ಪೆನ್ಸಿಲ್ ತಮ್ಮನ ಹೊಸ ಐಪ್ಯಾಡ್‌ಗೆ ಕೊಟ್ಟಾಗ ಮನೆಗಳಲ್ಲಿ ಆಗುವ ತಕರಾರು ಇದೇ. ನಿಮ್ಮದು ಯಾವ ಮಾಡೆಲ್ ಅಂತ ಸೆಟ್ಟಿಂಗ್ಸ್‌ನ ಜನರಲ್ ಒಳಗೆ ಅಬೌಟ್ ಅನ್ನುವಲ್ಲಿ ಇರುತ್ತದೆ, ಆಂಡ್ರಾಯ್ಡ್ ಆದರೆ ಅಬೌಟ್ ಟ್ಯಾಬ್ಲೆಟ್ ಅನ್ನುವಲ್ಲಿ. ನೆನಪಿನ ಮೇಲೆ ಹೇಳಬೇಡಿ, ತೆರೆದು ಓದಿ.

ಜೋಡಿ ಸರಿ ಇದೆ ಅಂತ ಖಾತ್ರಿ ಆಯಿತಾ? ಹಾಗಾದರೆ ಚಾರ್ಜ್ ನೋಡೋಣ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಪಾಠ ಇರಲಿಲ್ಲ. ನನ್ನ ಪೆನ್ನನ್ನು ಮೇಜಿನ ಡ್ರಾಯರ್‌ನಲ್ಲಿ ಇಟ್ಟು ಮರೆತೆ. ಜೂನ್‌ನಲ್ಲಿ ತೆಗೆದು ಚಾರ್ಜ್‌ಗೆ ಇಟ್ಟರೆ ಉಸಿರೇ ಇಲ್ಲ. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ಪೆನ್ನಿನೊಳಗಿನ ಬ್ಯಾಟರಿ ತುಂಬಾ ಚಿಕ್ಕದು, ಸುಮ್ನೆ ಇಟ್ಟರೂ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಲಿಥಿಯಂ ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಬಹುದು. ಅದೃಷ್ಟಕ್ಕೆ ನನ್ನದು ಅಷ್ಟು ಇಳಿದಿರಲಿಲ್ಲ. ರಾತ್ರಿ ಪೂರ್ತಿ ಟ್ಯಾಬ್‌ಗೆ ಅಂಟಿಸಿ, ಟ್ಯಾಬನ್ನೂ ಚಾರ್ಜ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದಾಗ ತಾನೇ ಪೇರ್ ಆಗಿ ಕೂತಿತ್ತು. ಆವತ್ತಿನಿಂದ ರಜೆ ಇದ್ದರೂ ಎರಡು ವಾರಕ್ಕೊಮ್ಮೆ ಅದಕ್ಕೆ ಸ್ವಲ್ಪ ಚಾರ್ಜ್ ಕೊಡುತ್ತೇನೆ.

ಹಾಗಾಗಿ ಪೇರ್ ಬಟನ್ ಬರಲಿಲ್ಲ ಅಂತ ತಕ್ಷಣ ಕಿತ್ತು ಮತ್ತೆ ಸಿಕ್ಕಿಸುವುದು ಬೇಡ. ಕಡಿಮೆ ಅಂದರೂ ಒಂದು ನಿಮಿಷ ಬಿಡಿ, ಒಳಗೆ ಸ್ವಲ್ಪ ಶಕ್ತಿ ಸೇರಲಿ. ಬಹಳ ದಿನ ಇಟ್ಟಿದ್ದ ಪೆನ್ ಆದರೆ ಗಂಟೆಗಟ್ಟಲೆ ಬಿಡಿ. ಟ್ಯಾಬ್ ಚಾರ್ಜ್ ಕೂಡ ತಳ ಮುಟ್ಟಿದ್ದರೆ ಅದಕ್ಕೂ ಕೊಡಿ. ಕೇಬಲ್ ಹಾಕುವ ಪೆನ್ ಆದರೆ ತೂತಿನೊಳಗೆ ನೋಡಿ: ನಮ್ಮ ಊರಿನ ಧೂಳು, ಸ್ಕೂಲ್ ಬ್ಯಾಗಿನ ಪೆನ್ಸಿಲ್ ಪುಡಿ, ಬಟ್ಟೆಯ ನೂಲು ಎಲ್ಲ ಅಲ್ಲಿ ಸೇರಿರುತ್ತದೆ. ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ ಅಥವಾ ಸೂಜಿ ಹಾಕಬೇಡಿ. ಕೇಬಲ್ ಬದಲಿಸಿಯೂ ನೋಡಿ. ಇನ್ನು ಸರ್ಫೇಸ್ ಪೆನ್ ಥರ ಸೆಲ್ ಹಾಕುವ ಪೆನ್ ಇದ್ದರೆ ಅದಕ್ಕೆ ಬೇಕಾಗುವುದು ನಾಲ್ಕು ಎ ಇರುವ ತೆಳು ಸೆಲ್. ರಿಮೋಟಿಗೆ ಹಾಕುವ ಮೂರು ಎ ಸೆಲ್ ಅದಕ್ಕಿಂತ ದಪ್ಪ, ಅದು ಕೂರುವುದಿಲ್ಲ. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಹಾಗಾಗಿ ಹಳೆಯ ಸೆಲ್ ಕೈಯಲ್ಲೇ ಹಿಡಿದು ಹೋಗಿ.

ಚಾರ್ಜ್ ಇದೆ, ಜೋಡಿಯೂ ಸರಿ, ಆದರೂ ಪೇರ್ ಆಗಲ್ಲ ಅಂದರೆ ಆಗ ಬ್ಲೂಟೂತ್ ಕಡೆ ಬನ್ನಿ. ಇಲ್ಲಿ ಏನಾಗುತ್ತದೆ ಅಂತ ಅರ್ಥವಾದರೆ ಮಾಡುವ ಕೆಲಸವೂ ಅರ್ಥವಾಗುತ್ತದೆ. ಮೊದಲ ಸಲ ಪೇರ್ ಆದಾಗ ಪೆನ್ನೂ ಟ್ಯಾಬೂ ಒಂದು ಗುಟ್ಟಿನ ಕೀಲಿ ಮಾಡಿಕೊಂಡು ಇಬ್ಬರೂ ಇಟ್ಟುಕೊಳ್ಳುತ್ತವೆ. ಮುಂದಿನ ಸಲ ಆ ಕೀಲಿ ತಾಳೆಯಾದರೆ ಕೇಳದೆ ಸೇರಿಕೊಳ್ಳುತ್ತವೆ. ಮಧ್ಯೆ ನೀವು ಆ ಪೆನ್ನನ್ನು ಬೇರೆ ಟ್ಯಾಬ್‌ಗೆ ಅಂಟಿಸಿದಿರಿ ಅನ್ನಿ, ಪೆನ್ ಅಲ್ಲಿ ಹೊಸ ಕೀಲಿ ಮಾಡಿಕೊಳ್ಳುತ್ತದೆ. ನಿಮ್ಮ ಟ್ಯಾಬ್ ಮಾತ್ರ ಹಳೆಯ ಕೀಲಿ ಹಿಡಿದು ಕಾಯುತ್ತಿರುತ್ತದೆ. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಆದರೆ ಕನೆಕ್ಟ್ ಆಗುವುದಿಲ್ಲ. ಅಕ್ಕ ತಂಗಿ ಇಬ್ಬರಿಗೂ ಐಪ್ಯಾಡ್ ಇದ್ದು ಪೆನ್ಸಿಲ್ ಒಂದೇ ಇರುವ ಮನೆಯಲ್ಲಿ ಇದು ದಿನಾ ನಡೆಯುವ ಕಥೆ.

ಮದ್ದು ಸುಲಭ, ಆದರೆ ಒಂದರ ಹಿಂದೆ ಒಂದು ಸರಿಯಾಗಿ ಮಾಡಬೇಕು. ಬ್ಲೂಟೂತ್ ಪಟ್ಟಿಯಲ್ಲಿ ಪೆನ್ನಿನ ಹೆಸರಿನ ಪಕ್ಕ ಇರುವ ಗುರುತು ಒತ್ತಿ, ಈ ಸಾಧನ ಮರೆತುಬಿಡು ಅನ್ನುವುದನ್ನು ಆರಿಸಿ. ಆಂಡ್ರಾಯ್ಡ್‌ನಲ್ಲಿ ಅದೇ ಮಾತು ಅನ್‌ಪೇರ್ ಅಂತ ಇರಬಹುದು. ಆಮೇಲೆ ಟ್ಯಾಬ್ ಆಫ್ ಮಾಡಿ ಆನ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿಲ್ಲ, ಬ್ಲೂಟೂತ್ ಆನ್ ಇದೆ ಅಂತ ನೋಡಿ. ಇಷ್ಟಾದ ಮೇಲೆ ಪೆನ್ನನ್ನು ಅದರದೇ ರೀತಿಯಲ್ಲಿ ಸೇರಿಸಿ: ಅಂಟಿಸುವುದಾದರೆ ಅಂಟಿಸಿ, ಕೇಬಲ್ ಆದರೆ ಕೇಬಲ್. ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಡಿ, ಈ ಅಂಟಿಸುವ, ಕೇಬಲ್ ಹಾಕುವ ಪೆನ್‌ಗಳಲ್ಲಿ ಹೆಚ್ಚಿನವು ಇಯರ್‌ಫೋನ್ ಥರ ಪಟ್ಟಿಯಿಂದ ಆರಿಸಿಕೊಳ್ಳುವಂಥವಲ್ಲ. ಜೊತೆಗೆ ಅಕ್ಕನ ಐಪ್ಯಾಡ್ ಪಕ್ಕದಲ್ಲೇ ಇದ್ದರೆ ಸ್ವಲ್ಪ ಹೊತ್ತು ಅದರ ಬ್ಲೂಟೂತ್ ಆಫ್ ಮಾಡಿ. ಆಪಲ್ ಪೆನ್ಸಿಲ್ ಆದರೆ ಟ್ಯಾಬ್ ರಿಸ್ಟಾರ್ಟ್ ಆದಾಗ ಅಥವಾ ಏರೋಪ್ಲೇನ್ ಮೋಡ್ ಹಾಕಿದಾಗಲೂ ಪೇರಿಂಗ್ ಬಿಟ್ಟುಹೋಗಬಹುದು. ಅದು ಕೆಟ್ಟಿರುವ ಲಕ್ಷಣ ಅಲ್ಲ, ಮತ್ತೆ ಸೇರಿಸಿದರೆ ಆಯಿತು. ಎಸ್ ಪೆನ್ ರಿಮೋಟ್ ಕೆಲಸ ಮಾಡದಿದ್ದರೆ ಅದರ ಏರ್ ಆ್ಯಕ್ಷನ್ಸ್ ಸೆಟ್ಟಿಂಗ್‌ನ ಮೂರು ಚುಕ್ಕಿಯ ಮೆನುವಿನಲ್ಲಿ ರಿಸೆಟ್ ಎಸ್ ಪೆನ್ ಇದೆ, ಪೆನ್ನನ್ನು ಚಾರ್ಜಿಂಗ್ ಜಾಗದಲ್ಲಿ ಇಟ್ಟೇ ಅದನ್ನು ಒತ್ತಬೇಕು.

ಅಗ್ಗದ ಐಪ್ಯಾಡ್ ಪೆನ್ ತಗೊಂಡವರಿಗೆ ಒಂದು ವಿಶೇಷ ಮಾತು. ಅವುಗಳಲ್ಲಿ ಬಹಳಷ್ಟು 2018 ಮತ್ತು ಆಮೇಲಿನ ಐಪ್ಯಾಡ್‌ಗಳಿಗೆ ಮಾತ್ರ. ಹೆಚ್ಚಿನವು ಪೇರ್ ಆಗುವುದೇ ಇಲ್ಲ, ತಲೆ ಮುಟ್ಟಿ ಆನ್ ಮಾಡಿದರೆ ಸಾಕು. ಕೆಲವು ಬ್ಲೂಟೂತ್‌ಗೆ ಸೇರುತ್ತವೆ, ಅದು ಬ್ಯಾಟರಿ ಎಷ್ಟಿದೆ ಅಂತ ತೋರಿಸಲು ಅಷ್ಟೇ. ಇನ್ನೊಂದು ವಿಚಿತ್ರ ಇದೆ: ಐಪ್ಯಾಡ್‌ಗೆ ಮೊದಲೇ ನಿಜವಾದ ಆಪಲ್ ಪೆನ್ಸಿಲ್ ಪೇರ್ ಆಗಿದ್ದರೆ ಈ ಅಗ್ಗದ ಪೆನ್ ಬರೆಯದೇ ಇರಬಹುದು. ಪಟ್ಟಿಯಿಂದ ಆ ಪೆನ್ಸಿಲ್ಲನ್ನು ಮರೆಸಿ ಆಮೇಲೆ ಪ್ರಯತ್ನಿಸಿ. ರಬ್ಬರ್ ತುದಿಯ ಪೆನ್ ನೋಟ್ಸ್‌ನಲ್ಲಿ ಬರೆಯುತ್ತಿಲ್ಲ ಅಂದರೆ ಸೆಟ್ಟಿಂಗ್ಸ್‌ನ ಆಪಲ್ ಪೆನ್ಸಿಲ್ ಭಾಗದಲ್ಲಿ ಪೆನ್ಸಿಲ್‌ನಿಂದ ಮಾತ್ರ ಬರೆ ಅನ್ನುವ ಆಯ್ಕೆ ಆನ್ ಆಗಿರಬಹುದು, ಅದನ್ನು ಆಫ್ ಮಾಡಿ.

ಕವರ್ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಮಕ್ಕಳು ಬೀಳಿಸುತ್ತಾರೆ ಅಂತ ದಪ್ಪ ರಬ್ಬರ್ ಕವರ್ ಹಾಕಿರುತ್ತೇವೆ. ಅಂಚಿಗೆ ಅಂಟಿಸುವ ಪೆನ್ನಿಗೆ ಆ ದಪ್ಪ ಅಡ್ಡ ಬರುತ್ತದೆ: ಅಂಟಿದ ಹಾಗೆ ಕಾಣುತ್ತದೆ, ಚಾರ್ಜ್ ಹೋಗುವುದಿಲ್ಲ. ಕವರ್ ತೆಗೆದು, ಉದ್ದ ಅಂಚಿನ ನಡುವೆ ಇಟ್ಟು ನೋಡಿ. ಎಸ್ ಪೆನ್ನಿಗೆ ಇನ್ನೊಂದು ಥರದ ತೊಂದರೆ. ಅಯಸ್ಕಾಂತ ಇರುವ ಕವರ್ ಹಿಂದೆ ಮಡಚಿದ್ದರೆ ಪರದೆಯ ಯಾವುದೋ ಒಂದು ಪಟ್ಟಿಯಲ್ಲಿ ಮಾತ್ರ ಗೆರೆ ಕಿತ್ತುಹೋಗಬಹುದು, ಯಾಕೆಂದರೆ ಆ ಪೆನ್ ನಡೆಯುವುದೇ ಅಯಸ್ಕಾಂತದ ಅಲೆಯ ಮೇಲೆ.

ತುದಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಆಪಲ್ ಪೆನ್ಸಿಲ್‌ನ ತುದಿ ಸ್ಕ್ರೂ ಥರ ಇರುತ್ತದೆ, ಬಳಸುತ್ತಾ ಸಡಿಲವಾಗುತ್ತದೆ. ಪೇರ್ ಆಗಿದೆ, ಚಾರ್ಜ್ ತೋರಿಸುತ್ತಿದೆ, ಬರೆಯುತ್ತಿಲ್ಲ ಅಂದರೆ ನಾನು ಮೊದಲು ಮುಟ್ಟುವುದು ಅದನ್ನೇ.

ಪೇರ್ ಆದ ಮೇಲೆ ಪರೀಕ್ಷೆ ಮಾಡಲು ಸುಮ್ನೆ ಒಂದು ಗೆರೆ ಎಳೆದು ಬಿಡಬೇಡಿ. ಒತ್ತಕ್ಷರ ಇರುವ ನಾಲ್ಕು ಪದ ಬರೆಯಿರಿ. ನಾನು ಸಿದ್ಧಗಂಗೆ, ಗುಬ್ಬಿ, ಕ್ಯಾತಸಂದ್ರ, ಚಿಕ್ಕನಾಯಕನಹಳ್ಳಿ ಬರೆಸುತ್ತೇನೆ. ಕನ್ನಡದಲ್ಲಿ ಪೆನ್ ಎತ್ತಿ ಕೆಳಗೆ ಒತ್ತು ಕೊಡಬೇಕು, ಸುತ್ತಿ ತಲೆಕಟ್ಟು ಎಳೆಯಬೇಕು, ಅಂಗೈ ಪರದೆ ಮೇಲೆ ಊರಿರುತ್ತದೆ. ಅಂಗೈಗೆ ಗೆರೆ ಮೂಡುತ್ತಿದೆಯಾ, ಒತ್ತಿನ ಮೊದಲ ಚುಕ್ಕೆ ತಪ್ಪಿಹೋಗುತ್ತಿದೆಯಾ, ಎಲ್ಲ ಇದರಲ್ಲೇ ಗೊತ್ತಾಗುತ್ತದೆ. ಆಮೇಲೆ ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ಓರೆಯಾಗಿ ನಿಧಾನವಾಗಿ ಒಂದು ಗೆರೆ. ಅದು ಹಾವಿನಂತೆ ಅಂಕುಡೊಂಕಾದರೆ ಪೆನ್ನಿನ ಸಿಗ್ನಲ್ಲನ್ನು ಪರದೆ ಸರಿಯಾಗಿ ಹಿಡಿಯುತ್ತಿಲ್ಲ. ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ ತೆಗೆದು ಮತ್ತೆ ಎಳೆದು ನೋಡಿ. ತೆಗೆದ ಮೇಲೂ ಹಾಗೇ ಇದ್ದರೆ ಆ ಪೆನ್ನಿನ ಗುಣವೇ ಅಷ್ಟು ಇರಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ, ಹೊಸ ಪೆನ್ ಹಳೆಯ ಸಾಫ್ಟ್‌ವೇರ್‌ಗೆ ಗೊತ್ತೇ ಇರದಿರಬಹುದು. ಅದಕ್ಕೂ ಆಗದಿದ್ದರೆ ನೆಟ್‌ವರ್ಕ್ ಅಥವಾ ಬ್ಲೂಟೂತ್ ಸೆಟ್ಟಿಂಗ್ ರಿಸೆಟ್ ಇದೆ. ಫೋಟೋ, ನೋಟ್ಸ್ ಹೋಗುವುದಿಲ್ಲ, ಆದರೆ ವೈಫೈ ಪಾಸ್‌ವರ್ಡ್ ಎಲ್ಲ ಮರೆತುಹೋಗುತ್ತದೆ. ಮೊದಲು ಬರೆದಿಟ್ಟುಕೊಳ್ಳಿ. ಫ್ಯಾಕ್ಟರಿ ರಿಸೆಟ್ ಮಾತ್ರ ದಯವಿಟ್ಟು ಮಾಡಬೇಡಿ. ಒಂದು ಪೆನ್ನಿಗಾಗಿ ವರ್ಷದ ನೋಟ್ಸ್ ಕಳೆದುಕೊಂಡು ಅತ್ತ ಹುಡುಗನನ್ನು ನಾನು ನೋಡಿದ್ದೇನೆ.

ಕೊನೆಗೆ ಉಳಿಯುವುದು ಪೆನ್ ಕೆಟ್ಟಿದೆಯೋ, ಟ್ಯಾಬೋ ಅನ್ನುವ ಪ್ರಶ್ನೆ. ಅದೇ ಮಾಡೆಲ್ ಇರುವ ಗೆಳೆಯರೊಬ್ಬರ ಹತ್ತಿರ ಹೋಗಿ. ನಿಮ್ಮ ಪೆನ್ ಅವರ ಟ್ಯಾಬ್ ಮೇಲೆ, ಅವರ ಪೆನ್ ನಿಮ್ಮ ಟ್ಯಾಬ್ ಮೇಲೆ ಹಾಕಿ ನೋಡಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಸರ್ವಿಸ್‌ಗೆ ಅಂತ ಬೆಂಗಳೂರಿಗೆ ಹೋಗುವುದಾದರೆ ನಮಗೆ ಎಪ್ಪತ್ತು ಕಿಲೋಮೀಟರ್, ಒಂದು ದಿನ ಪೂರ್ತಿ ಹೋಗುತ್ತದೆ. ಪೆನ್ ಒಂದನ್ನೇ ಒಯ್ದರೆ ಅಲ್ಲಿ ನಿಮ್ಮ ಟ್ಯಾಬ್ ಜೊತೆ ಪರೀಕ್ಷೆ ಮಾಡಲು ಆಗುವುದಿಲ್ಲ. ಟ್ಯಾಬ್, ಪೆನ್, ಕೇಬಲ್, ಅಡಾಪ್ಟರ್, ಬಿಲ್ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು, ಹಿಂದಿನ ರಾತ್ರಿಯೇ ಎರಡಕ್ಕೂ ಚಾರ್ಜ್ ಮಾಡಿ, ಬೆಳಗಿನ ರೈಲು ಹಿಡಿಯಿರಿ.